ತಿಪ್ಪವ್ವನ ಮೂರನೇ ಪ್ರಶ್ನೆ

ವಿಜ್ಞಾನಿ ಪ್ರಭಂಜನನ ಬಳಿಗೆ ದೂರದ ಚಳಿದೇಶದ ಗುಹೆಯೊಂದರಿಂದ ಒಂದು ಮಗುವಿನ ಎಲುಬುಗಳು ಬಂದಿದ್ದವು. ನಮ್ಮ ನಿಮ್ಮ ಕುಲದ ಮಗುವಲ್ಲ. ನಿಯಾಂಡರ್ತಾಲ್ ಎಂಬ ಬೇರೊಂದು ಮನುಷ್ಯಕುಲದ್ದು. ಆ ಕುಲ ಅಳಿದು ಸಾವಿರಾರು ವರ್ಷಗಳಾಗಿವೆ. ಚಿಟಿಕೆ ಎಲುಬಿನ ಪುಡಿಯಿಂದ, ಗಾಜಿನ ಗರ್ಭದಲ್ಲಿ, ಅಂಥದೇ ಮಗುವನ್ನು ಬೆಳೆಸುವ ವಿದ್ಯೆ ಪ್ರಭಂಜನನಿಗೆ ಸಿದ್ಧಿಸಿತ್ತು. ಹನ್ನೆರಡು ವರ್ಷ ಅದೇ ಧ್ಯಾನ. ಮದುವೆಯಾಗುವುದನ್ನು ಮರೆತಿದ್ದ, ನೆನಪಿಸಿದವರನ್ನೂ ಮರೆತಿದ್ದ.

ನಾಳೆ ಕೆಲಸ ಶುರು ಎನ್ನುವಾಗ ಅವನಿಗೆ ಹೊಳೆಯಿತು: ಹುಟ್ಟಿದ ಕೂಸನ್ನು ಹಿಡಿಯಲು ಪಳಗಿದ ಕೈ ಬೇಕಲ್ಲ! ತಾಲೂಕಿನ ಅರ್ಧ ಜನರನ್ನು ಭೂಮಿಗಿಳಿಸಿದ ಸೂಲಗಿತ್ತಿ ತಿಪ್ಪವ್ವನಿಗೆ ಎಲುಬಿನ ಸಂಗತಿಯನ್ನೆಲ್ಲ ತಿಳಿಸಿ ಹೇಳಿಕಳಿಸಿದ. ಅವನನ್ನು ಇಳಿಸಿದವಳೂ ಅವಳೇ.

ತಿಪ್ಪವ್ವನದು ಒಂದು ಪದ್ಧತಿ. ಯಾರ ಮನೆಯೇ ಆಗಲಿ, ಹೊಸ್ತಿಲಾಚೆ ನಿಂತು ಮೂರು ಪ್ರಶ್ನೆ ಕೇಳುವಳು. ಮೂರಕ್ಕೂ ಉತ್ತರ ಸಿಗದೆ ಒಳಗೆ ಕಾಲಿಡಳು. ಪ್ರಯೋಗಾಲಯದ ಗಾಜಿನ ಬಾಗಿಲಲ್ಲೂ ಹಾಗೇ ನಿಂತಳು.

“ಬಿಸಿನೀರು ಐತಾ?”

“ಇದೆ ಅವ್ವಾ.”

“ಮೆತ್ತನೆ ಹಳೇ ಬಟ್ಟೆ?”

“ಹೊಸದೇ ಇದೆ. ವಿದೇಶದ್ದು.”

“ಹೊಸದು ಚುಚ್ತೈತೆ. ನಾನೇ ಹಳೇ ಸೀರೆ ತಂದೀನಿ, ಬಿಡು. ಎತ್ತಿಕೊಳ್ಳೋರು ಯಾರು?”

“ಮೂರು ಪಾಳಿಗೆ ಆರು ಜನ ನರ್ಸ್ ಇದ್ದಾರೆ.”

“ಪಾಳಿ ಮುಗಿದ್ರೆ ಅವರು ಮನೆಗೆ ಹೋಗ್ತಾರೆ. ಅದು ಎಲ್ಲಿಗೆ ಹೋಗ್ತೈತೆ?”

ಪ್ರಭಂಜನ ಮಾತು ತಿರುಗಿಸಿ, ಮಗು ಹೇಗಿರಬಹುದೆಂಬ ಚಿತ್ರ ತಂದು ತೋರಿಸಿದ.

“ಅಯ್ಯೋ, ಎಂಥಾ ದೊಡ್ಡ ಮೂಗು! ಚೆಂದ ಐತೆ,” ಎಂದು ತಿಪ್ಪವ್ವ ನಕ್ಕಳು. “ನೀನು ಹುಟ್ಟಿದಾಗ ನಿಮ್ಮ ಸೋದರತ್ತೆ ‘ನಮ್ಮಪ್ಪನದೇ ಮೂಗು’ ಅಂತ ಕೇರಿಗೆಲ್ಲ ಸಾರಿ ಬಂದ್ಳು. ಈ ಮೂಗು ನಮ್ಮದು ಅನ್ನೋರು ಯಾರಪ್ಪಾ?”

ಪ್ರಭಂಜನನ ದನಿ ಇಳಿಯಿತು. “ಅವರು ಅಳಿಯೋಕೆ ನಮ್ಮ ಪೂರ್ವಿಕರೂ ಕಾರಣ ಇರಬಹುದು ಅವ್ವಾ. ಆ ತಪ್ಪು ತಿದ್ದಬೇಕು ಅಂತಲೇ ಇಷ್ಟು ವರ್ಷ ಒದ್ದಾಡಿದ್ದು.”

ಅವನು ಹೇಳಿದ್ದು ನಿಜವೇ. ತಿಪ್ಪವ್ವನಿಗೂ ಅದು ತಿಳಿಯಿತು.

“ತಪ್ಪು ನಮ್ಮದು. ಒಂಟಿಯಾಗಿ ಬದುಕೋ ಶಿಕ್ಷೆ ಆ ಕೂಸಿಗಾ? ಎಲ್ಲಿ, ಎಲುಬು ತೋರಿಸು.”

ತಟ್ಟೆಯನ್ನು ಹೊಸ್ತಿಲಿಗೇ ತಂದ. ಗುಹೆಯಲ್ಲಿ ಸಿಕ್ಕಂತೆಯೇ ಜೋಡಿಸಿಟ್ಟಿದ್ದ: ಮಗ್ಗುಲಾಗಿ, ಮಂಡಿ ಮಡಚಿ, ಕೆನ್ನೆಯಡಿ ಒಂದು ಕೈ. ಒಂದೊಂದು ಎಲುಬನ್ನೂ ಅವನು ಮೂರು ಸಲ ಅಳೆದಿದ್ದ.

“ಕೆನ್ನೆ ಕೆಳಗೆ ಕೈ ಇಟ್ಟೋರು ಯಾರು?”

“ಹೂತವರೇ ಇಟ್ಟಿರಬೇಕು. ಅವರ ಕಡೆಯವರು.”

“ಅದರವ್ವ ಮಲಗಿಸಿ ಹೋಗ್ಯಾಳೆ,” ಎಂದಳು ತಿಪ್ಪವ್ವ. “ಅವ್ವ ಮಲಗಿಸಿದ ಕೂಸನ್ನ ಯಾರಾದ್ರೂ ಎಬ್ಬಿಸ್ತಾರೇನೋ? ಅದೂ ಅವ್ವ ಇಲ್ಲದ ಮನೇಲಿ?”

ಪ್ರಭಂಜನ ಗಾಜಿನ ಗರ್ಭದ ಕಡೆ ನೋಡಿದ. ತಟ್ಟೆಯ ಕಡೆ ನೋಡಿದ. ಹೋಗಿ ಗರ್ಭದ ದೀಪ ಆರಿಸಿ ಬಂದು ಕೇಳಿದ: “ಆ ಹಳೇ ಸೀರೆ ಕೊಡ್ತೀಯಾ ಅವ್ವಾ? ಕೂಸನ್ನ ಅದರಲ್ಲಿ ಸುತ್ತಿ, ಬಂದ ಗುಹೆಗೇ ಕಳಿಸ್ತೀನಿ. ಮಗ್ಗುಲಾಗಿಯೇ ಮಲಗಿಸಿ ಅಂತ ಬರೀತೀನಿ.”

ಆಗ ತಿಪ್ಪವ್ವ ಹೊಸ್ತಿಲು ದಾಟಿ ಒಳಗೆ ಬಂದಳು.

ನೀತಿ: ಹುಟ್ಟಿಸಬಲ್ಲೆವು ಎಂಬ ಒಂದೇ ಕಾರಣಕ್ಕೆ ಹುಟ್ಟಿಸಬಾರದು. ಬರುವ ಜೀವಕ್ಕೆ ಮಡಿಲೂ ಬಳಗವೂ ಇವೆಯೇ ಎಂದು ಮೊದಲು ನೋಡಬೇಕು. ಅಳಿದವರ ನಿದ್ದೆ ಕೆಡಿಸದಿರುವುದೂ ಅವರಿಗೆ ಸಲ್ಲಿಸುವ ಗೌರವವೇ. ಒಮ್ಮೆಯಾದರೂ ಹಟಮಾರಿ ಮಗುವನ್ನು ಮಲಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.