ಎಡೆ ಇಟ್ಟ ಕೋಣೆ

ಕಪಿಲಾ ಹೊಳೆಯ ದಂಡೆಯಲ್ಲೊಂದು ಹಳೇ ಛತ್ರ. ಅಲ್ಲಿ ಮಾದಯ್ಯ ಮೇಷ್ಟ್ರು ಇದ್ದರು.

ಒಂದು ಕಾಲಕ್ಕೆ ಮದ್ರಾಸಿನ ಕತ್ತಲೆ ಕೋಣೆಗಳಲ್ಲಿ ಕೂತು ಸಿನಿಮಾ ಕತ್ತರಿಸಿ ಜೋಡಿಸಿದವರು. ವಯಸ್ಸಾದ ಮೇಲೆ ಹೊಳೆ ದಂಡೆಗೆ ಬಂದು ಕೂತುಬಿಟ್ಟರು. ಸಿನಿಮಾ ಕಲಿಯುವ ಹುಚ್ಚು ಹತ್ತಿದ ನಾಲ್ಕಾರು ಹುಡುಗ ಹುಡುಗಿಯರು ಅವರನ್ನು ಹುಡುಕಿಕೊಂಡು ಬಂದು ಅಲ್ಲೇ ಉಳಿಯುತ್ತಿದ್ದರು. ನೀರು ತರುವುದು, ಅನ್ನಕ್ಕಿಡುವುದು, ಬೈಸಿಕೊಳ್ಳುವುದು, ಪಾಠ ಅಂದರೆ ಇಷ್ಟೇ. ಕ್ಯಾಮೆರಾ ಒಂದೂ ಇರಲಿಲ್ಲ. ಅವರವರ ಮೊಬೈಲೇ ಗತಿ.

ಆ ವರ್ಷ ಎಲ್ಲರಿಗೂ ಒಂದೇ ಕೆಲಸ. ದೆವ್ವದ ಸಿನಿಮಾವೊಂದರ ಶುರುವಿನ ದೃಶ್ಯ ತೆಗೆಯಬೇಕು. ಖರ್ಚು ಮಾಡುವ ಹಾಗಿಲ್ಲ. ನೋಡಿದವರ ಎದೆ ಮಾತ್ರ ಝಲ್ಲೆನ್ನಬೇಕು.

ಶಶಿರೇಖಾ ಎಂಬ ಹುಡುಗಿ ಊಟ ನಿದ್ದೆ ಬಿಟ್ಟು ಕಂಡಕಂಡ ದೆವ್ವದ ಸಿನಿಮಾಗಳನ್ನೆಲ್ಲ ನೋಡಿದಳು. ಎಲ್ಲಿ ಕಿರುಚುತ್ತಾರೆ, ಎಲ್ಲಿ ದೀಪ ಆರುತ್ತದೆ, ಬಾಯಿಪಾಠ ಆಗುವಷ್ಟು ನೋಡಿದಳು. ಆಮೇಲೆ ಮೇಷ್ಟ್ರ ಮುಂದೆ ಬಂದು ನಿಂತು ಉತ್ಸಾಹದಿಂದ ಶುರುಮಾಡಿದಳು.

"ಪಾಳು ಬಾವಿ ಮೇಷ್ಟ್ರೇ. ಬಿಳಿ ಸೀರೆ. ಮೊದಲು ಗೆಜ್ಜೆ ಸದ್ದು ಬರ್ತದೆ."

"ಗೆಜ್ಜೆ ಯಾರದು?"

"ದೆವ್ವದ್ದು."

"ಅವಳ ಹೆಸರೇನು?"

"ಹೆಸರಿಟ್ಟಿಲ್ಲ."

"ಹೆಸರೇ ಇಲ್ಲದವಳಿಗೆ ಯಾರಮ್ಮ ಹೆದರ್ತಾರೆ? ಪಾಪ, ಆ ಸೀರೆ ಯಾರ ಹತ್ರ ಇಸ್ಕೊಂಡ್ಯೋ ಅವರಿಗೇ ವಾಪಸ್ ಕೊಟ್ಟು ಬಾ."

ಉಳಿದವರು ಕಿಸಕ್ಕನೆ ನಕ್ಕರು. ಶಶಿರೇಖಾಳ ಮುಖ ಚಿಕ್ಕದಾಯಿತು.

ಮೇಷ್ಟ್ರು ನಗಲಿಲ್ಲ. "ನಿನಗೆ ಯಾವುದಕ್ಕೆ ಹೆದರಿಕೆ? ಸಿನಿಮಾ ಬಿಡು. ನಿಮ್ಮ ಮನೇಲಿ ಹೇಳು."

ಅವಳು ಹೊಳೆಯ ಕಡೆ ತಿರುಗಿದಳು.

"ಒಂದು ಬಾಗಿಲಿಗೆ" ಅಂದಳು. "ಮಹಾಲಯ ಅಮಾವಾಸ್ಯೆಗೆ ಸತ್ತೋರಿಗೆ ಎಡೆ ಇಡ್ತೀವಲ್ಲ ಮೇಷ್ಟ್ರೇ. ಇಟ್ಟು, ದೀಪ ಹಚ್ಚಿ, ಎಲ್ಲಾರೂ ಹೊರಗೆ ಬಂದು ಬಾಗಿಲು ಹಾಕ್ಕೊಳ್ತೀವಿ. ಅವರು ಬಂದು ಉಣ್ಲಿ ಅಂತ. ಒಂದಿಷ್ಟು ಹೊತ್ತಾದ ಮೇಲೆ ಅವ್ವ ಬಾಗಿಲು ತಟ್ಟಿ ಒಳಗೆ ಹೋಗ್ತಾಳೆ."

"ಖಾಲಿ ಕೋಣೆ ಬಾಗಿಲು ಯಾಕೆ ತಟ್ಟೋದು?"

"ಉಣ್ತಾ ಕೂತಿರೋರು ಎದ್ದು ಹೋಗೋಕೆ ಹೊತ್ತು ಬೇಕಲ್ವಾ?"

ಯಾರೂ ನಗಲಿಲ್ಲ.

"ತಟ್ಟಿದ ಮೇಲೆ ಅವ್ವ ಒಂದು ಗಳಿಗೆ ಸುಮ್ನೆ ನಿಲ್ತಾಳೆ. ಆ ಗಳಿಗೆ ನನಗೆ ಜೀವ ಹೋಗಿ ಬರ್ತದೆ."

"ಎಡೆ ಯಾರಿಗೆ?"

"ನಮ್ಮಣ್ಣನಿಗೆ. ಸಿದ್ದರಾಜು ಅಂತ."

ಮೇಷ್ಟ್ರು ಅವಳನ್ನು ಮತ್ತೇನೂ ಕೇಳಲಿಲ್ಲ. "ನಾಡಿದ್ದೇ ಅಮಾವಾಸ್ಯೆ. ಊರಿಗೆ ಹೋಗು. ಚೆನ್ನಾಗಿ ನೋಡಿಕೊಂಡು ಬಾ. ಕ್ಯಾಮೆರಾದ ಮಾತು ಆಮೇಲೆ" ಅಂದರು.

ಊರು ದೂರವೇನಲ್ಲ, ಸೇತುವೆ ದಾಟಿದರೆ ಆಯಿತು. ಬಸ್ಸಿನಲ್ಲಿ ಕೂತ ಶಶಿರೇಖಾಳ ತಲೆಗೆ ಹುಳ ಹೊಕ್ಕಿತು. ಬಾಗಿಲ ಹೊರಗಿನದನ್ನು ಪ್ರತಿ ವರ್ಷ ನೋಡಿಯೇ ಇದ್ದೀನಿ. ಒಳಗಿನದನ್ನು ನೋಡಿದವರು ಯಾರಿದ್ದಾರೆ? ಅದನ್ನೇ ತೆಗೆದರೆ?

ಹುಡುಗು ಬುದ್ಧಿ. ಆದರೆ ಸಿನಿಮಾ ಕಲಿಯುವವರ ಬುದ್ಧಿಯೂ ಹೌದು.

ಅಮಾವಾಸ್ಯೆಯ ಮಧ್ಯಾಹ್ನ ಅವಳು ಮತ್ತೆ ಛತ್ರದ ಮೆಟ್ಟಿಲ ಮೇಲೆ ಕಾಣಿಸಿಕೊಂಡಳು. ಕಣ್ಣು ಕೆಂಪಗಾಗಿತ್ತು. ಮೊಬೈಲನ್ನು ಕೆಂಡದ ಹಾಗೆ ಹಿಡಿದುಕೊಂಡಿದ್ದಳು. ಉಳಿದವರೆಲ್ಲ ಹಬ್ಬಕ್ಕೆ ಹೋಗಿದ್ದರು. ಮೇಷ್ಟ್ರು ಒಬ್ಬರೇ ಒಲೆಯ ಮುಂದೆ ಕೂತಿದ್ದರು.

"ತಪ್ಪು ಮಾಡಿಬಿಟ್ಟೆ ಮೇಷ್ಟ್ರೇ."

"ಕೂತ್ಕೊಂಡು ಹೇಳು."

ಅವಳು ಕೂರಲಿಲ್ಲ, ನಿಂತೇ ಹೇಳಿದಳು. ಕೋಳಿ ಸಾರು, ಕಜ್ಜಾಯ, ಅಣ್ಣನಿಗೆ ಪ್ರಾಣವಾಗಿದ್ದ ಬಾಟ್ಲಿ ಸೋಡ, ಹೊಸದೊಂದು ಅಂಗಿ, ಎಲ್ಲ ಇಟ್ಟು ಅವ್ವ ದೀಪ ಹಚ್ಚಿದಳು. ಅವ್ವ ಹೊರಗೆ ತಿರುಗಿದ ಕೂಡಲೇ ಶಶಿರೇಖಾ ಅಕ್ಕಿ ಡಬ್ಬದ ಸಂದಿಯಲ್ಲಿ ಮೊಬೈಲ್ ಸಿಕ್ಕಿಸಿ ಬಂದಳು. ಎಡೆ ಪೂರ್ತಿ ಕಾಣುವ ಹಾಗೆ.

"ಏನು ಸಿಕ್ತು?"

"ಏನೂ ಇಲ್ಲ." ಅವಳು ಕಣ್ಣೊರೆಸಿಕೊಂಡಳು. "ಸಾರಿನ ಹಬೆ ಆಡ್ತದೆ. ಹಬೆ ನಿಲ್ತದೆ. ಒಂದು ಇರುವೆ ಬಂದು ಕಜ್ಜಾಯ ಹತ್ತುತ್ತೆ. ಆಮೇಲೆ ಅವ್ವ ತಟ್ಟಿದ ಸದ್ದು. ಅಷ್ಟೇ. ಯಾರೂ ಬರಲಿಲ್ಲ ಮೇಷ್ಟ್ರೇ."

"ಅದಕ್ಕೆ ಅಳ್ತಾ ಇದೀಯಾ?"

"ಅವ್ವ ಮೊಬೈಲ್ ನೋಡಿಬಿಟ್ಟಳು."

"ಬೈದಳಾ?"

"ಬೈದಿದ್ರೆ ಚೆನ್ನಾಗಿತ್ತು! ಖುಷಿಪಟ್ಟಳು. ಇದರಲ್ಲಿ ಅವನು ಬಂದಿರ್ತಾನಲ್ವಾ, ತೋರ್ಸವ್ವ, ಉಂಡ್ನಾ ನೋಡ್ತೀನಿ ಅಂತ ಕೈ ಹಿಡ್ಕೊಂಡಳು. ಚಾರ್ಜ್ ಇಲ್ಲ, ಹಾಕಿಸ್ಕೊಂಡು ಬರ್ತೀನಿ ಅಂತ ಸುಳ್ಳು ಹೇಳಿ ಓಡಿಬಂದೆ. ಬಾಗಿಲಲ್ಲೇ ಕಾಯ್ತಾ ಕೂತವಳೆ. ಬೆಳಗಿಂದ ಒಂದು ಹನಿ ನೀರೂ ಕುಡಿದಿಲ್ಲ."

ಮೇಷ್ಟ್ರು ಒಲೆಯಿಂದ ಕೊಳ್ಳಿ ಹಿಂದಕ್ಕೆ ಎಳೆದರು.

"ಅವನು ಉಂಡನಾ ಅನ್ನೋದೇ ಅವಳಿಗೆ ಯಾಕೆ ಅಷ್ಟು ದೊಡ್ಡದು?"

ಶಶಿರೇಖಾ ಆಗ ಕೂತಳು. ಆ ಮಾತು ಇಷ್ಟು ದಿನ ಅವಳು ಯಾರ ಮುಂದೆಯೂ ಆಡಿರಲಿಲ್ಲ.

"ಅವತ್ತು ಅಣ್ಣ ಊಟಕ್ಕೆ ಕೂತಿದ್ದ. ಅವ್ವನಿಗೆ ಯಾವುದಕ್ಕೋ ಸಿಟ್ಟು. ಉಣ್ಣೋಕೆ ಮಾತ್ರ ಮನೆ ನೆನಪಾಗ್ತದಾ ನಿನಗೆ ಅಂದಳು. ಅವನು ತಟ್ಟೇಲೇ ಕೈ ತೊಳೆದ. ಇನ್ನು ಮೇಲೆ ಉಣ್ಣೋಕೂ ಬರಲ್ಲ ಬಿಡು ಅಂತ ಗಾಡಿ ಹತ್ತಿದ. ಸೇತುವೆ ಹತ್ರ ಲಾರಿ..."

ಹೊಳೆಯ ಮೇಲೆ ಮೋಡ ಕವಿದಿತ್ತು. ಛತ್ರದೊಳಗೆ ಮಬ್ಬು.

"ಈಗ ನೋಡಿದ್ರೆ, ನಿಜವಾಗ್ಲೂ ಬಂದಿಲ್ಲ" ಅಂದಳು ಶಶಿರೇಖಾ. "ಇದನ್ನ ತೋರಿಸಿದ್ರೆ ಅವ್ವ ಉಳಿಯಲ್ಲ. ತೋರಿಸದಿದ್ರೆ ಬಿಡಲ್ಲ. ನಾನೇನು ಮಾಡಲಿ?"

"ನೀನು ಉಂಡ್ಯಾ?"

"ಇದೇನು ಕೇಳ್ತೀರಾ ಮೇಷ್ಟ್ರೇ, ಈ ಹೊತ್ತಲ್ಲಿ!"

"ಉಂಡ್ಯಾ ಅಂದೆ."

"ಇಲ್ಲ."

ಮೇಷ್ಟ್ರು ಎದ್ದು ತಟ್ಟೆ ಹಾಕಿದರು. ಬಿಸಿ ಅನ್ನ, ಹುರುಳಿ ಸಾರು. ಅವಳ ಕೈಯಿಂದ ಮೊಬೈಲ್ ತೆಗೆದುಕೊಂಡು, ನೀರಿನ ಚೊಂಬಿಗೆ ಒರಗಿಸಿ ಅವಳ ಮುಖಕ್ಕೆ ಸರಿಯಾಗಿ ನಿಲ್ಲಿಸಿದರು. ರೆಕಾರ್ಡಿಂಗ್ ಒತ್ತಿದರು. ತಾವು ಅದರ ಪಕ್ಕದಲ್ಲೇ ಚಕ್ಕಂಬಕ್ಕಳ ಹಾಕಿ ಕೂತು ಅವಳ ಬಾಯನ್ನೇ ದಿಟ್ಟಿಸಿ ನೋಡತೊಡಗಿದರು.

"ಉಣ್ಣಮ್ಮ."

ಶಶಿರೇಖಾ ಅನ್ನ ಕಲೆಸಿದಳು. ತುತ್ತು ಎತ್ತಿದಳು. ಮೇಷ್ಟ್ರ ಕಣ್ಣು ಮಿಟುಕಲಿಲ್ಲ. ತುತ್ತು ತಟ್ಟೆಗೆ ಇಳಿಯಿತು. ಇನ್ನೊಮ್ಮೆ ಎತ್ತಿದಳು, ಬಾಯಿ ತೆರೆಯಲಾಗಲಿಲ್ಲ.

"ಉಣ್ಣು."

"ಆಗ್ತಾ ಇಲ್ಲ."

"ಹಸಿವಿಲ್ವಾ?"

"ಹಸಿವಿದೆ. ನೀವು ಹೀಗೆ ಬಾಯನ್ನೇ ನೋಡ್ತಾ ಕೂತ್ರೆ ಯಾರು ತಾನೇ ಉಣ್ತಾರೆ?"

ಮೇಷ್ಟ್ರು ಮೊಬೈಲಿನ ಕಡೆ ಕಣ್ಣು ತಿರುಗಿಸಿದರು.

ಅವಳ ಕೈ ತಟ್ಟೆಯಲ್ಲೇ ನಿಂತಿತು. ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ದುಃಖ ಒತ್ತರಿಸಿ ಬಂತು.

"ಅಯ್ಯೋ ಮೇಷ್ಟ್ರೇ... ಅಣ್ಣ ಬಂದಿದ್ನಾ? ನನ್ನಿಂದ ಹಸ್ಕೊಂಡೇ ಹೋದ್ನಾ?"

"ನನಗೆ ಗೊತ್ತಿಲ್ಲ."

"ಬರಲೇ ಇಲ್ವಾ ಹಾಗಾದ್ರೆ?"

"ಅದೂ ಗೊತ್ತಿಲ್ಲ ಕಣಮ್ಮ."

"ಅವ್ವನಿಗೆ ಏನಂತ ಹೇಳಲಿ?"

"ನನಗೆ ಈಗ ಹೇಳಿದ್ಯಲ್ಲ, ಅದನ್ನೇ ಹೇಳು."

ಅವರು ಮೊಬೈಲ್ ಆರಿಸಿ ಅವಳ ಪಕ್ಕದಲ್ಲಿಟ್ಟು ಎದ್ದು ಹೊರಗೆ ಹೋದರು. ಹೋಗುವಾಗ ಬಾಗಿಲು ಎಳೆದುಕೊಂಡರು.

ಶಶಿರೇಖಾ ಒಬ್ಬಳೇ ಮಬ್ಬಿನಲ್ಲಿ ಕೂತು ಉಂಡಳು. ಅಳುತ್ತಾ ಉಂಡಳು. ತಟ್ಟೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ.

ಆಮೇಲೆ ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು. ಅವಳ ಮೈ ಝುಂ ಎಂದಿತು. ತಟ್ಟಿದವರು ಒಂದು ಗಳಿಗೆ ಕಾದರು. ಮೇಷ್ಟ್ರು ತಮ್ಮ ಛತ್ರದ ಬಾಗಿಲು ತಾವೇ ತೆರೆದುಕೊಂಡು ಒಳಗೆ ಬಂದು, "ಬಸ್ಸಿಗೆ ಹೊತ್ತಾಯ್ತು, ಹೊರಡು" ಅಂದರು.

ಮಾರನೆಯ ವಾರ ಎಲ್ಲರೂ ತಮ್ಮ ತಮ್ಮ ದೃಶ್ಯ ತೋರಿಸಿದರು. ಒಬ್ಬ ಕೆಂಪು ಬಣ್ಣವನ್ನು ಬಕೆಟ್ಟುಗಟ್ಟಲೆ ಸುರಿದಿದ್ದ. ಇನ್ನೊಬ್ಬನ ದೆವ್ವ ಓಡುವಾಗ ಎಡವಿ ಬಿದ್ದಿತ್ತು. ಎಲ್ಲ ನಕ್ಕು ಸುಸ್ತಾದ ಮೇಲೆ ಶಶಿರೇಖಾ ತನ್ನ ಮೊಬೈಲ್ ನಡುವೆ ಇಟ್ಟಳು.

ಹಳೇ ಮನೆಯ ಒಂದು ಮುಚ್ಚಿದ ಬಾಗಿಲು. ಅದರ ಮುಂದೆ ಬೆನ್ನು ಮಾಡಿ ನಿಂತ ಹೆಂಗಸು. ಒಳಗಿನ ದೀಪದ ಬೆಳಕು ಬಾಗಿಲಡಿಯಿಂದ ಗೆರೆಯಷ್ಟು ಬರುತ್ತದೆ. ಹೆಂಗಸು ತಟ್ಟಲು ಕೈ ಎತ್ತುತ್ತಾಳೆ. ಇಳಿಸುತ್ತಾಳೆ.

"ಇನ್ನೊಂಚೂರು ಹೊತ್ತು ಇರ್ಲಿ" ಅನ್ನುತ್ತಾಳೆ, ತಿರುಗದೆಯೇ. "ನಿಧಾನಕ್ಕೆ ಉಣ್ಣೋನು ಅವನು."

ಮತ್ತೆ ಕೈ ಎತ್ತುತ್ತಾಳೆ. ಮತ್ತೆ ಇಳಿಸುತ್ತಾಳೆ. ಹೊರಗಿನ ಬೆಳಕು ಇಳಿಯುತ್ತಾ ಹೋಗುತ್ತದೆ. ಬಾಗಿಲಡಿಯ ಗೆರೆಯೊಂದೇ ಉಳಿಯುತ್ತದೆ. ಅಲ್ಲಿಗೆ ಚಿತ್ರ ನಿಲ್ಲುತ್ತದೆ.

ಬಣ್ಣ ಸುರಿದಿದ್ದ ಹುಡುಗ ಮೆಲ್ಲಗೆ ಎದ್ದು, ತೆರೆದೇ ಇದ್ದ ಅಡುಗೆಕೋಣೆಯ ಬಾಗಿಲ ಕಡೆ ನೋಡಿ, ಜಾಗ ಬದಲಾಯಿಸಿ ಕೂತ.

ಎಲ್ಲರೂ ಹೋದ ಮೇಲೆ ಮೇಷ್ಟ್ರು ಕೇಳಿದರು.

"ಅವ್ವ ಏನಂದಳು?"

"ನಿಮಗೆ ಹೇಳಿದ್ದನ್ನೇ ಹೇಳಿದೆ. ನಾನು ಮೊಬೈಲ್ ಇಟ್ಟು ನೋಡ್ತಿದ್ದೆ, ಅದಕ್ಕೇ ಅವನು ಉಣ್ಣೋಕೆ ಆಗಿಲ್ಲವೇನೋ ಅಂದೆ. ಕೆನ್ನೆಗೊಂದು ಬಿಟ್ಟಳು. ಆಮೇಲೆ ಎದ್ದು ಸಾರು ಬಿಸಿ ಮಾಡಿ ಹೊಸದಾಗಿ ಎಡೆ ಹಾಕಿದಳು. ಬಾಗಿಲ ಹೊರಗೆ ಎಷ್ಟು ಬೇಕಾದ್ರೂ ತೆಕ್ಕೋ, ಒಳಗೆ ಮಾತ್ರ ಬೇಡ ಅಂದಳು."

"ಕೊನೆಗೆ ಬಾಗಿಲು ತಟ್ಟಿದ್ದು?"

"ನಾನೇ. ಅವ್ವನಿಗೆ ಕೈ ಬರಲಿಲ್ಲ."

"ಒಳಗೆ?"

"ಅನ್ನದ ಒಂದು ಮೂಲೆ ತೋರಿಸಿ, ನೋಡು, ಇಲ್ಲಿ ಕೈ ಹಾಕವನೆ ಅಂದಳು. ನನಗೇನೂ ಕಾಣಲಿಲ್ಲ. ಹೂಂ ಅಂದೆ. ಆಮೇಲೆ ಆ ಎಡೆಯನ್ನೇ ಮುಂದಿಟ್ಕೊಂಡು ಉಂಡಳು. ನಾನು ಈ ಕಡೆ ತಿರುಗಿ ಕೂತಿದ್ದೆ."

ಮೇಷ್ಟ್ರು ತಲೆಯಾಡಿಸಿದರು. ಹೊಳೆಯ ಆಚೆ ದಡ ಕತ್ತಲಲ್ಲಿ ಕರಗುತ್ತಿತ್ತು.

ಶಶಿರೇಖಾ ಮೊಬೈಲನ್ನು ಅಂಗೈಯಲ್ಲಿ ತಿರುಗಿಸುತ್ತಾ ನಿಂತಳು. ಹೋಗಲು ಮನಸ್ಸಾಗದೆ ಮತ್ತೆ ಕೇಳಿದಳು.

"ಮೊದಲು ತೆಗೆದ ಆ ಖಾಲಿ ಕೋಣೆದು ಇನ್ನೂ ಇದರಲ್ಲೇ ಇದೆ ಮೇಷ್ಟ್ರೇ. ಅಳಿಸಿಬಿಡಲಾ?"

"ಅಳಿಸು" ಅಂದರು ಮೇಷ್ಟ್ರು. "ಅದಕ್ಕೂ ಮೊದಲು ಒಂದು ಸಲ ತಟ್ಟು."