ನಡುಬಂಡೆಯ ಮೇಲಿನ ಹದ್ದು

ಒಂದು ದ್ವೀಪದಲ್ಲಿ ಕಾಗೆ, ಪಕ್ಕದ ದ್ವೀಪದಲ್ಲಿ ಕಡಲಹಕ್ಕಿ ಗೂಡು ಕಟ್ಟಿದ್ದವು. ಎರಡು ದ್ವೀಪಗಳ ನಡುವೆ ಸಮುದ್ರದಲ್ಲಿ ಒಂದು ಬಂಡೆಯಿತ್ತು. ಅದು ನನ್ನದು, ನನ್ನದು ಎಂದು ಎರಡೂ ವರ್ಷಗಟ್ಟಲೆ ಜಗಳವಾಡಿ, ಕೊನೆಗೆ ಎರಡೂ ಅಲ್ಲಿ ಕಾಲಿಡದಂತಾದವು. ಆ ಕಡೆ ಸುಳಿದಾಡುತ್ತಿದ್ದ ಒಂದು ಹದ್ದಿಗೆ ಅಷ್ಟೇ ಸಾಕಾಯಿತು. ಇವತ್ತು ಕಾಗೆಯ ಮರಿ, ನಾಳೆ ಕಡಲಹಕ್ಕಿಯ ಮರಿ ಎತ್ತಿಕೊಂಡು ಬಂದು, ಅದೇ ಬಂಡೆಯ ಮೇಲೆ ಕೂತು ನಿಶ್ಚಿಂತೆಯಿಂದ ತಿನ್ನುತ್ತಿತ್ತು. ಅಟ್ಟಿಸಿಕೊಂಡು ಬಂದ ಹಕ್ಕಿ ಬಂಡೆಯ ಹತ್ತಿರ ಬಂದು, ಮತ್ತೆ ಜಗಳ ಬೇಡವೆಂದು ಹಿಂದಿರುಗಿಬಿಡುತ್ತಿತ್ತು.

ಎರಡು ಗೂಡಲ್ಲೂ ಒಂದೊಂದೇ ಮರಿ ಉಳಿದ ದಿನ ಕಾಗೆ ಮತ್ತು ಕಡಲಹಕ್ಕಿ ಒಟ್ಟಿಗೆ ಗಸ್ತು ಹೊರಟವು. ಬಂಡೆಯ ಮೇಲೆ ಹದ್ದಿನ ಎದುರಿಗೇ ಅಕ್ಕಪಕ್ಕ ಇಳಿದವು.

"ನಾಚಿಕೆಯಾಗಲ್ವೇ ಕಾಗೆ?" ಎಂದಿತು ಹದ್ದು. "ನಿನ್ನ ಬಂಡೆಯ ಮೇಲೆ ಕಡಲಹಕ್ಕಿ ಕಾಲಿಟ್ಟಿದೆ. ಇದು ಯಾರದೆಂದು ಮೊದಲು ತೀರ್ಮಾನ ಮಾಡಿಕೊಳ್ಳಿ. ಆಮೇಲೆ ನನ್ನ ತಂಟೆಗೆ ಬನ್ನಿ."

"ಬಂಡೆ ನನ್ನದೇ," ಎಂದಿತು ಕಾಗೆ.

"ಸುಳ್ಳು! ನನ್ನದು," ಎಂದಿತು ಕಡಲಹಕ್ಕಿ.

ಹದ್ದು ನಕ್ಕಿತು. ನಗು ಮುಗಿಯುವ ಮೊದಲೇ ಎರಡು ಕೊಕ್ಕುಗಳೂ ಅದರ ಕತ್ತಿಗೆ ಬಿದ್ದವು.

"ನಮ್ಮ ಜಗಳ ಇನ್ನೂ ಬಾಕಿಯಿದೆ," ಎಂದಿತು ಕಾಗೆ.

"ಕೂತು ಜಗಳವಾಡೋಕೆ ನಮಗೆ ಜಾಗ ಬೇಕು," ಎಂದಿತು ಕಡಲಹಕ್ಕಿ. "ನೀನು ಏಳು!"