ಹೊಳೆಯಾಚೆಯ ಕೇದಗೆ

ಒಂದು ಕಾಡಿನಲ್ಲಿ, ಹೊಳೆಯ ಈಚೆ ದಡದಲ್ಲಿ, ಬೆಳ್ಳಕ್ಕಿ ಸಿಸ್ಟರ್‌ಗಳು ನಡೆಸುವ ಹೆಣ್ಣುಮಕ್ಕಳ ಶಾಲೆಯಿತ್ತು. ಅಲ್ಲಿ ನಕ್ಕರೂ ಮೆಲ್ಲಗೆ ನಗಬೇಕು. ಹೊಳೆ ದಾಟಿದವಳಿಗಂತೂ ಶಾಲೆಯ ಬಾಗಿಲು ಮುಚ್ಚಿದಂತೆಯೇ. ಜಸಿಂತಾ, ಐರಿನ್ ಎಂಬ ಜಿಂಕೆ ಅಕ್ಕತಂಗಿಯರು ಅಲ್ಲೇ ಓದುತ್ತಿದ್ದರು.

ಮೇರಿಮಾತೆಯ ಹುಟ್ಟಿದ ದಿನವಾದ ಮೊಂತಿ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳೆಲ್ಲ ಹೂ ಕೊಯ್ದು ತಂದು ಮಾತೆಯ ಪಾದಕ್ಕೆ ಸುರಿಯುವುದು ಅಲ್ಲಿಯ ಪದ್ಧತಿ. ಹಬ್ಬದ ದಿನ ಮೊದಲ ಹೂ ಹಾಕಲು ಆ ವರ್ಷ ಜಸಿಂತಾಳ ಹೆಸರು ಬಂತು. ನರಿಯ ಮಗಳು ಸಬೀನಾಳಿಗೆ ಇದನ್ನು ಸಹಿಸಲಾಗಲಿಲ್ಲ.

"ಯಾರಿಗೂ ಹೇಳ್ಬೇಡ ಮಾರಾಯ್ತಿ, ಜಸಿಂತಾ ಹೊಳೆ ದಾಟಿ ತೋಳನ ಹತ್ರ ಹೋಗ್ತಾಳಂತೆ," ಎಂದು ಮೊಲದ ಕಿವಿಯಲ್ಲಿ ಊದಿದಳು.

ಮೊಲದ ಕಿವಿ ಉದ್ದ, ನಾಲಿಗೆ ಅದಕ್ಕಿಂತ ಉದ್ದ. ಮಧ್ಯಾಹ್ನದ ಬೆಲ್ ಹೊಡೆಯುವಷ್ಟರಲ್ಲಿ ಗುಲ್ಲು ಇಡೀ ಶಾಲೆಗೆ ಹಬ್ಬಿತ್ತು. ಅಕ್ಕತಂಗಿಯರು ಕೂತ ಬೆಂಚಿನಿಂದ ಒಬ್ಬೊಬ್ಬರೇ ಎದ್ದು ಹೋದರು.

ಮದರ್ ಬೆಳ್ಳಕ್ಕಿ ವಿಚಾರಿಸಲಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದುಬಿಟ್ಟರು. ಜಸಿಂತಾ ಹೂ ಹಾಕಕೂಡದು, ಹಿಂದಿನ ಬೆಂಚಿನಲ್ಲಿ ಕೂರಬೇಕು, ಹಬ್ಬ ಮುಗಿದ ಮೇಲೆ ಇಬ್ಬರೂ ಶಾಲೆ ಬಿಡಬೇಕು ಎಂದು ಅಪ್ಪಣೆಯಾಯಿತು. ತನಗಿಂತ ತಂಗಿಯ ಗತಿ ನೆನೆದು ಜಸಿಂತಾಳಿಗೆ ಸಂಕಟವಾಯಿತು. ಕಣ್ಣೀರು ಮಾತ್ರ ಯಾರೆದುರೂ ಹಾಕಲಿಲ್ಲ.

ಹಬ್ಬದ ದಿನ ಮೊದಲ ಹೂವಿನ ಗೌರವ ಸಬೀನಾಳ ಪಾಲಾಯಿತು. ಎಲ್ಲರನ್ನೂ ಮೀರಿಸಬೇಕೆಂಬ ಹುಚ್ಚಿನಲ್ಲಿ ಅವಳು ಬುಟ್ಟಿ ತುಂಬ ಕೇದಗೆ ತಂದಿದ್ದಳು. ಅದರ ಘಮ ಹಿಂದಿನ ಬೆಂಚಿನವರೆಗೂ ಬಂತು. ಜಸಿಂತಾಳ ಪಕ್ಕದಲ್ಲಿದ್ದ ಐರಿನ್ ಎದ್ದು ನಿಂತಳು. ಅಕ್ಕ ಎಳೆದು ಕೂರಿಸಹೋದರೂ ಕೂರಲಿಲ್ಲ.

"ಮದರ್, ಕೇದಗೆ ಬೆಳೆಯೋದು ಹೊಳೆಯಾಚೆ ಮಾತ್ರ ಅಲ್ವಾ?"

ಪ್ರಾರ್ಥನೆ ನಿಂತಿತು. ಸಬೀನಾಳ ಬಾಲ ಕಾಲ ಸಂದಿಗೆ ಸೇರಿತು. ಹೊಳೆ ದಾಟಿದವಳು ತಾನೇ, ಜಸಿಂತಾಳ ಬಗ್ಗೆ ಹೇಳಿದ್ದು ತಾನು ಕಟ್ಟಿದ ಕತೆ ಎಂದು ಒಪ್ಪಿಕೊಂಡಳು. ಶಾಲೆಯ ಬಾಗಿಲು ಅವಳಿಗೇ ಮುಚ್ಚಿತು.

ಮದರ್ ಜಸಿಂತಾಳನ್ನು ಮುಂದಕ್ಕೆ ಕರೆದರು. ಅವಳು ಕದಲಲಿಲ್ಲ.

"ನನ್ನನ್ನು ಒಂದು ಮಾತು ಕೇಳ್ಬಹುದಿತ್ತು, ಮದರ್," ಎಂದಳು.

ಮದರ್ ತಾವೇ ಹಿಂದಿನ ಬೆಂಚಿನವರೆಗೆ ನಡೆದು ಬಂದರು. ಎಲ್ಲರೆದುರು ಉದ್ದ ಕತ್ತು ಬಾಗಿಸಿ ಅಕ್ಕತಂಗಿಯರ ಕ್ಷಮೆ ಕೇಳಿದರು. ಇಬ್ಬರೂ ಬೆಳಿಗ್ಗೆಯೇ ಕೊಯ್ದಿಟ್ಟುಕೊಂಡಿದ್ದ ಹೂ ಅಷ್ಟು ಹೊತ್ತಿಗೆ ಬಾಡಿತ್ತು. ಅಕ್ಕತಂಗಿಯರು ಅದನ್ನೇ ಒಯ್ದು ಮಾತೆಯ ಪಾದಕ್ಕೆ ಸುರಿದರು.

ನೀತಿ: ಕೆಸರು ಎರಚುವವರ ಕೈಗೇ ಮೊದಲು ಕೆಸರು ಹತ್ತುತ್ತದೆ, ವಿಚಾರಿಸದೆ ನಂಬಿದವರ ಕೈಯೂ ಸ್ವಚ್ಛವಲ್ಲ.